ಪ್ರೊಪ್ರಿಯೋಸೆಪ್ಷನ್: ನೋಡದೆಯೂ ಕೈಕಾಲು ಎಲ್ಲಿವೆ ಎಂದು ತಿಳಿಯುವ ಶಕ್ತಿ

ಕಲಬುರಗಿಯ ಖಾನಾವಳಿಗಳಲ್ಲಿ ಜೋಳದ ರೊಟ್ಟಿ ಬಡಿಯುವವರನ್ನು ಗಮನಿಸಿ. ಕಣ್ಣು ಹಂಚಿನ ಕಡೆ ಇರುತ್ತದೆ, ಮಾತು ಪಕ್ಕದವರ ಜೊತೆ. ಕೈ ತನ್ನ ಪಾಡಿಗೆ ಬಡಿಯುತ್ತಾ, ರೊಟ್ಟಿಯನ್ನು ತಿರುಗಿಸುತ್ತಾ ಇರುತ್ತದೆ. ಅಂಗೈ ಎಷ್ಟು ಮೇಲೆ ಹೋಯಿತು, ಮಣಿಕಟ್ಟು ಎಷ್ಟು ಬಾಗಿತು ಎಂಬುದು ನೋಡದೆಯೇ ಗೊತ್ತಾಗುತ್ತದೆ. ಈ ಅರಿವೇ ಪ್ರೊಪ್ರಿಯೋಸೆಪ್ಷನ್. ಬ್ರಿಟನ್ನಿನ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಶಾಲೆಯಲ್ಲಿ ಕಲಿತ ಐದು ಇಂದ್ರಿಯಗಳ ಪಟ್ಟಿಯಲ್ಲಿ ಇದು ಇಲ್ಲ. ಇರಬೇಕಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ಸ್ನಾಯುಗಳ ಒಳಗೆ ಮಸಲ್ ಸ್ಪಿಂಡಲ್ ಎಂಬ ಕೆಲವೇ ಮಿಲಿಮೀಟರ್ ಉದ್ದದ ಅಂಗಗಳಿವೆ. ಸ್ನಾಯು ಎಷ್ಟು ಹಿಗ್ಗಿದೆ, ಎಷ್ಟು ಬೇಗ ಹಿಗ್ಗುತ್ತಿದೆ ಎಂದು ಇವು ತಿಳಿಸುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಟೆಂಡನ್ ಹತ್ತಿರ ಗಾಲ್ಜಿ ಅಂಗಗಳಿವೆ. ಎಷ್ಟು ಬಲ ಬೀಳುತ್ತಿದೆ ಎಂದು ಹೇಳುವುದು ಅವುಗಳ ಕೆಲಸ. ಬೀದರ್‌ನ ಬಿದರಿ ಕುಶಲಕರ್ಮಿಯ ಕಣ್ಣು ಉಳಿಯ ತುದಿಯ ಮೇಲಿರುತ್ತದೆ, ಸುತ್ತಿಗೆ ಹಿಡಿದ ಕೈ ಮೇಲಲ್ಲ. ಆದರೂ ಏಟು ಹದವಾಗಿಯೇ ಬೀಳುತ್ತದೆ. ಕೀಲುಗಳಿಂದ, ಚರ್ಮದಿಂದಲೂ ಸುದ್ದಿ ಬರುತ್ತದೆ. ಇದೆಲ್ಲ ಬೆನ್ನುಹುರಿಯ ಮೂಲಕ ಮಿದುಳಿಗೆ ಹೋಗುತ್ತದೆ. ಸ್ಪಿಂಡಲ್‌ಗಳ ದಪ್ಪ ನರಗಳಲ್ಲಿ ಸಂದೇಶದ ವೇಗ ಸೆಕೆಂಡಿಗೆ ಸುಮಾರು 80ರಿಂದ 120 ಮೀಟರ್! ತಲೆಯ ಚಲನೆ, ವಾಲುವಿಕೆಯನ್ನು ಗುರುತಿಸಿ ಸಮತೋಲ ನೋಡಿಕೊಳ್ಳುವ ಒಳಕಿವಿಯ ವ್ಯವಸ್ಥೆ ಬೇರೆ.

ಈ ಅಂಗಗಳನ್ನು ಮರುಳು ಮಾಡಲೂಬಹುದು. ಕಣ್ಣು ಮುಚ್ಚಿಸಿ, ತೋಳಿನ ಬೈಸೆಪ್ಸ್ ಟೆಂಡನ್ ಮೇಲೆ ಯಂತ್ರದಿಂದ ವೇಗವಾದ ಕಂಪನ ಕೊಟ್ಟರೆ, ಕದಲದ ಕೈಯೂ ಮಡಿಕೆ ಬಿಚ್ಚಿ ನೇರವಾಗುತ್ತಿದೆ ಅನಿಸುತ್ತದೆ. ಸ್ನಾಯು ಹಿಗ್ಗುತ್ತಿದೆ ಎಂದು ಸ್ಪಿಂಡಲ್‌ಗಳು ಹೇಳುತ್ತವೆ, ಮಿದುಳು ಅದನ್ನು ನಂಬುತ್ತದೆ.

2010ರಲ್ಲಿ ಅಮೆರಿಕದ ವಿಜ್ಞಾನಿ ಆರ್ಡೆಮ್ ಪಟಾಪೂಟಿಯನ್ ಅವರ ತಂಡ ಪೀಜೋ2 ಎಂಬ ಪ್ರೋಟೀನನ್ನು ಗುರುತಿಸಿತು. ಎಳೆತವನ್ನು ನರದ ಸಂದೇಶವಾಗಿ ಬದಲಿಸುವುದು ಇದೇ. ಇಂಥ ಕೆಲಸಕ್ಕಾಗಿ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹುಟ್ಟಿನಿಂದಲೇ ಈ ಪ್ರೋಟೀನ್ ಕೆಲಸ ಮಾಡದ ಕೆಲವರಿದ್ದಾರೆ. ಅವರು ಕಾಲು ನೋಡಿಕೊಂಡು ನಡೆಯುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿದರೆ ನಡೆಯುವುದು ತುಂಬಾ ಕಷ್ಟ.

ನಮ್ಮ ಹಿರಿಯರ ವಿಷಯದಲ್ಲಿ ನಾವು ಗಮನಿಸಬೇಕಾದದ್ದೂ ಇದನ್ನೇ. ಕತ್ತಲಲ್ಲಿ ತಡವರಿಸಿದರೆ, ಮುಖ ತೊಳೆಯಲು ಕಣ್ಣು ಮುಚ್ಚಿದಾಗ ವಾಲಿದರೆ, "ವಯಸ್ಸಾಗ್ಯದ, ಬಿಡ್ರಿ" ಅಂದು ಸುಮ್ನೆ ಬಿಡುವುದು ಜಾಸ್ತಿ. ಕಾಲಿನಿಂದ ಬರುವ ಸುದ್ದಿ ಕಡಿಮೆಯಾಗಿ, ಅವರು ಕಣ್ಣಿನ ಆಸರೆಯಲ್ಲೇ ನಿಲ್ಲುತ್ತಿರಬಹುದು. ಅದಕ್ಕೇ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪ ಇರಲಿ. ಡಾಕ್ಟರ್ ಪಾದ ಜೋಡಿಸಿ, ಕಣ್ಣು ಮುಚ್ಚಿಸಿ ನಿಲ್ಲಿಸಿ ನೋಡುತ್ತಾರೆ. ಇದಕ್ಕೆ ರಾಂಬರ್ಗ್ ಪರೀಕ್ಷೆ ಎನ್ನುತ್ತಾರೆ. ಹಳೆಯ ಸಕ್ಕರೆ ಕಾಯಿಲೆಯೂ ಕಾರಣವಿರಬಹುದು, ವಿಟಮಿನ್ ಬಿ12 ಕೊರತೆಯೂ ಇರಬಹುದು. ಸಕ್ಕರೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ಕಾಲ ತೆಗೆದುಕೊಂಡವರಲ್ಲಿ ಬಿ12 ಇಳಿಯುವುದುಂಟು. ಮಾಂಸ, ಮೊಟ್ಟೆ ತಿನ್ನದವರಲ್ಲೂ ಅದು ಕಡಿಮೆ ಇರಬಹುದು. ಬೇಗ ಪತ್ತೆಯಾದರೆ ಇಂಜೆಕ್ಷನ್ ಅಥವಾ ಮಾತ್ರೆಯಿಂದ ಬಹಳಷ್ಟು ಸರಿಹೋಗುತ್ತದೆ, ತಡವಾದರೆ ನರದ ಹಾನಿ ಉಳಿದುಬಿಡಬಹುದು.