ಬಣ್ಣದ ಕೋಡ್ ಕೇಳುವ ಮೊದಲು ಸೀಟು ಬಿಚ್ಚಿ ನೋಡಿ

ಹಳೆಯ ಇಟಾಲಿಯನ್ ಬೈಕ್ ಕೊಂಡವರು ಮೊದಲು ಕೇಳುವುದು ಎರಡು ಪ್ರಶ್ನೆ. ಬಿಡಿಭಾಗ ಸಿಗುತ್ತದೆಯೇ? ಬಣ್ಣದ ಕೋಡ್ ಯಾವುದು? ಮೊದಲನೆಯದಕ್ಕೆ ನನ್ನ ಉತ್ತರ: ನೀವು ಹೆದರಿದ್ದಕ್ಕಿಂತ ಸುಲಭವಾಗಿ ಸಿಗುತ್ತದೆ. ಎರಡನೆಯದಕ್ಕೆ: ಕೋಡ್ ಆಮೇಲೆ ನೋಡೋಣ, ಮೊದಲು ಸೀಟು ಬಿಚ್ಚಿ. ಆ ಗಾಡಿಯ ಬಗ್ಗೆ ಇರುವ ದಾಖಲೆಗಳಲ್ಲೆಲ್ಲ ಹೆಚ್ಚು ನಂಬಬಹುದಾದದ್ದು ಗಾಡಿಯೇ. ಅದನ್ನು ಓದದೆ ಕ್ಯಾಟಲಾಗ್ ತೆರೆದವರು ದುಡ್ಡನ್ನೂ ಕಾಲವನ್ನೂ ಕಳೆದುಕೊಳ್ಳುತ್ತಾರೆ.

ಟ್ಯಾಂಕಿನ ಮೇಲೆ ಡುಕಾಟಿ ಎಂದಿರಲಿ, ಮೋಟೊ ಗುಝಿ ಎಂದಿರಲಿ, ಒಳಗಿರುವುದು ಹತ್ತಾರು ಕಾರ್ಖಾನೆಗಳ ಸಾಮಾನು. ಕಾರ್ಬ್ಯುರೇಟರ್ ಡೆಲ್ಲೊರ್ಟೊ, ಮೀಟರ್ ವೆಲ್ಯಾ ಬೊರ್ಲೆಟ್ಟಿ, ದೀಪ ಮತ್ತು ಸ್ವಿಚ್ ಸಿಇವಿ, ಚಕ್ರದ ರಿಮ್ ಬೊರ್ರಾನಿ, ಮುಂದಿನ ಫೋರ್ಕ್ ಮಾರ್ಝೋಕ್ಕಿ ಅಥವಾ ಚೆರಿಯಾನಿ, ಡ್ರಮ್ ಬ್ರೇಕ್ ಗ್ರಿಮೆಕಾ, ಲಿವರ್ ತೊಮ್ಮಾಸೆಲ್ಲಿ. ಕೊಮೊ ಸರೋವರದ ದಡದ ಮಾಂಡೆಲ್ಲೊ ದೆಲ್ ಲಾರಿಯೊದಲ್ಲಿ ಗುಝಿ ಕಾರ್ಖಾನೆ ಇದೆ. ಸೈಲೆನ್ಸರ್‌ಗೆ ಹೆಸರಾದ ಲಫ್ರಾಂಕೋನಿ ಕೂಡ ಅದೇ ಊರಿನದು. ಹೀಗಾಗಿ ‘ಗುಝಿಯ ಸ್ವಿಚ್ ಬೇಕು’ ಎಂದು ಹುಡುಕಿದರೆ ಕೆಲವೇ ಮಾರಾಟಗಾರರು ಸಿಗುತ್ತಾರೆ, ಬೆಲೆಯೂ ಅವರು ಹೇಳಿದ್ದೇ. ಸ್ವಿಚ್ಚಿನ ಬೆನ್ನಿನ ಮೇಲಿನ ಅಕ್ಷರ ಓದಿ ಸಿಇವಿಯ ಹೆಸರಿನಲ್ಲಿ ಹುಡುಕಿ. ಅಂಥದ್ದೇ ಸ್ವಿಚ್ಚು ಯಾರೂ ಕೇಳದ ಯಾವುದೋ ಮೊಪೆಡ್‌ನ ಹ್ಯಾಂಡಲ್ ಮೇಲೆ ಕುಳಿತಿರಬಹುದು.

ಹಾಗೆಂದು ಎಲ್ಲವೂ ಇಟಲಿಯದೇ ಎಂದುಕೊಳ್ಳಬೇಡಿ. 1970ರ ದಶಕದ ಹಲವು ಲಾವೆರ್ಡಾ ಬೈಕುಗಳಲ್ಲಿ ಮೀಟರ್ ಜಪಾನಿನ ನಿಪ್ಪಾನ್ ಡೆನ್ಸೊ, ವಿದ್ಯುತ್ ಭಾಗಗಳು ಜರ್ಮನಿಯ ಬಾಷ್. ‘ಇದು ಯಾರೋ ಹಾಕಿದ ಬದಲಿ ಮಾಲು’ ಎಂದು ಅವನ್ನು ಕಿತ್ತು, ಇಟಲಿಯ ಮೀಟರ್ ಹುಡುಕಿ ಕೂರಿಸಿದವರನ್ನು ಕಂಡಿದ್ದೇನೆ. ಅಸಲನ್ನು ತೆಗೆದು ನಕಲಿ ಮಾಡಿದ ಹಾಗಾಯಿತು.

ಕಾರ್ಬ್ಯುರೇಟರ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಜನ ಮೋಸ ಹೋಗುವುದು ಇಲ್ಲೇ ಹೆಚ್ಚು. ಡೆಲ್ಲೊರ್ಟೊ ಮೈಮೇಲೆ ಅದರ ಜಾತಕವೇ ಎರಕವಾಗಿರುತ್ತದೆ. ವಿಎಚ್‌ಬಿ 30 ಸಿಡಿ ಎಂದಿದ್ದರೆ ವಿಎಚ್‌ಬಿ ಎಂಬುದು ಚೌಕ ಸ್ಲೈಡಿನ (ಗಾಳಿಯ ದಾರಿ ತೆರೆದು ಮುಚ್ಚುವ ಭಾಗ) ಮಾದರಿ, 30 ಎಂಬುದು ಮಿಲಿಮೀಟರ್‌ನಲ್ಲಿ ಗಾಳಿ ಹಾಯುವ ಗಂಟಲಿನ ಅಳತೆ, ಕೊನೆಯ ಡಿ ಬಲಬದಿಯದೆಂಬ ಗುರುತು. ಎಡಬದಿಯದಕ್ಕೆ ಅದೇ ಜಾಗದಲ್ಲಿ ಎಸ್ ಇರುತ್ತದೆ. ‘ಜೋಡಿ’ ಎಂದು ಮಾರಾಟಕ್ಕಿಟ್ಟ ಎರಡರ ಮೇಲೂ ಡಿ ಇದ್ದರೆ ಅದು ಜೋಡಿಯಲ್ಲ. ಚಿತ್ರದಲ್ಲಿ ಅಕ್ಷರ ಕಾಣದಿದ್ದರೆ ಹತ್ತಿರದಿಂದ ತೆಗೆದ ಇನ್ನೊಂದು ಚಿತ್ರ ಕೇಳಿ. ಕಳುಹಿಸಲು ಮೀನಮೇಷ ಎಣಿಸುವವರ ಸಹವಾಸ ಬೇಡ. ಸತುವಿನ ಮಿಶ್ರಲೋಹದ ಹಳೆಯ ಕಾರ್ಬ್ಯುರೇಟರ್‌ಗಳಲ್ಲಿ ಎಂಜಿನ್ನಿಗೆ ಬಿಗಿಯುವ ಮುಖ ಬಾಗಿರುವುದು ಸಾಮಾನ್ಯ. ಗಾಜಿನ ಹಲಗೆಯ ಮೇಲೆ ಒತ್ತಿ ಹಿಡಿದು, ಅಂಚಿನಲ್ಲಿ ತೆಳುವಾದ ಕಾಗದ ತೂರಿಸಿದರೆ ಗೊತ್ತಾಗುತ್ತದೆ. ಜೆಟ್, ಸೂಜಿ, ವಾಷರ್‌ಗಳ ಚಿಂತೆ ಬೇಡ, ಇಂದಿಗೂ ಹೊಸದೇ ದೊರೆಯುತ್ತವೆ.

ಬೇರಿಂಗ್ ಮತ್ತು ಆಯಿಲ್ ಸೀಲಿಗೆ ಬೈಕಿನ ಹೆಸರೇ ಬೇಕಿಲ್ಲ. 6204 ಎಂದು ಕೊರೆದಿದ್ದರೆ ಅದು ಜಗತ್ತಿನಾದ್ಯಂತ ಒಳವ್ಯಾಸ 20, ಹೊರವ್ಯಾಸ 47, ಅಗಲ 14 ಮಿ.ಮೀ. ಅಳತೆಯದೇ. ಬೋಲ್ಟುಗಳಲ್ಲಿ ಮಾತ್ರ ಎಚ್ಚರ. 8 ಮಿ.ಮೀ. ಬೋಲ್ಟಿನ ಸಾಮಾನ್ಯ ಪಿಚ್, ಅಂದರೆ ಎಳೆಯಿಂದ ಎಳೆಗಿರುವ ಅಂತರ, 1.25 ಮಿ.ಮೀ.; ಹಳೆಯ ಡುಕಾಟಿಗಳಲ್ಲಿ 1 ಮಿ.ಮೀ. ಪಿಚ್ಚಿನವೂ ಇರುತ್ತವೆ. ಮೊದಲ ಎರಡು ಸುತ್ತು ಸರಾಗವಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾದರೆ ಅಲ್ಲೇ ನಿಲ್ಲಿಸಿ. ಸ್ಪ್ಯಾನರ್‌ಗೆ ಬಲ ಹಾಕಿದರೆ ಅಲ್ಯೂಮಿನಿಯಂ ಕವಚದ ಎಳೆಗಳು ಕಿತ್ತುಬರುತ್ತವೆ.

ಕಣ್ಣಾರೆ ನೋಡಿ ಕೊಳ್ಳುವುದಾದರೆ ಇಟಲಿಯ ‘ಮೋಸ್ತ್ರಾ ಸ್ಕಾಂಬಿಯೊ’ಗಳಿಗೆ, ಅಂದರೆ ಹಳೆಯ ಬಿಡಿಭಾಗಗಳ ಸಂತೆಗಳಿಗೆ ಹೋಗಬೇಕು. ಇಮೋಲಾದ ರೇಸ್ ಟ್ರ್ಯಾಕಿನಲ್ಲಿ ನಡೆಯುವುದು ದೊಡ್ಡದು, ಮಿಲಾನಿನ ನೊವೆಗ್ರೊ ಸಂತೆಗೂ ಹೆಸರಿದೆ. ಜೊತೆಗೆ ಕ್ಯಾಲಿಪರ್ ಮತ್ತು ಥ್ರೆಡ್ ಗೇಜ್ ಒಯ್ಯಿರಿ. ಆದರೆ ಕೈಯಲ್ಲಿರಬೇಕಾದದ್ದು ಮುರಿದ ಹಳೆಯ ಭಾಗವೇ. ಫೋಟೋ ತೋರಿಸಿದರೆ ಎಲ್ಲರೂ ‘ಇದೆ, ಇದೆ’ ಎನ್ನುತ್ತಾರೆ.

ಇನ್ನು ಬಣ್ಣ. ಕೋಡ್ ಹೇಳುವುದು ಬೆರಕೆಯ ಸೂತ್ರವನ್ನು ಮಾತ್ರ. ಕಾರ್ಖಾನೆಯಲ್ಲಿ ಒಂದು ಡಬ್ಬಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿರುತ್ತಿತ್ತು. ಅಡಿಯ ಪ್ರೈಮರ್ ಬದಲಾದರೆ ಮೇಲಿನ ಛಾಯೆಯೂ ಬದಲಾಗುತ್ತಿತ್ತು. ಆಮೇಲೆ ದಶಕಗಳ ಬಿಸಿಲು. ಟ್ಯಾಂಕಿನ ನೆತ್ತಿಯ ಕೆಂಪನ್ನು ಅಳೆದು ಬಣ್ಣ ಬೆರೆಸಿದರೆ ಸಿಗುವುದು ಮಾಸಿದ ಕೆಂಪು. ಬಿಸಿಲು ಕಾಣದ ಜಾಗ ಬೇಕು: ಸೀಟಿನ ಅಡಿ, ಮೊಣಕಾಲಿನ ರಬ್ಬರಿನ ಹಿಂದೆ, ಟ್ಯಾಂಕಿನ ಲಾಂಛನದ ಕೆಳಗೆ, ಪಕ್ಕದ ಮುಚ್ಚಳದ ಒಳಮೈ. ಹಿಂದಿನ ಮಾಲೀಕರು ಮೇಲೆ ಬೇರೆ ಬಣ್ಣ ಬಳಿದಿದ್ದರೆ, ನುಣುಪಾದ ಎಮರಿ ಕಾಗದಕ್ಕೆ ನೀರು ಹಚ್ಚಿ ನಾಣ್ಯದಗಲ ಜಾಗವನ್ನು ಇಳಿಜಾರಾಗಿ ಉಜ್ಜಿ. ಪದರಗಳು ಉಂಗುರ ಉಂಗುರವಾಗಿ ತೆರೆದುಕೊಳ್ಳುತ್ತವೆ. ಎಲ್ಲಕ್ಕಿಂತ ಒಳಗಿನದು ಲೋಹ, ಅದರ ಸುತ್ತ ಪ್ರೈಮರ್, ಅದಕ್ಕೆ ತಾಗಿಕೊಂಡದ್ದು ಕಾರ್ಖಾನೆಯ ಬಣ್ಣ. ಪ್ರೈಮರಿನ ಬಣ್ಣವನ್ನೂ ಬರೆದಿಟ್ಟುಕೊಳ್ಳಿ, ಅದು ಬೇಕಾಗುತ್ತದೆ.

ಕಿತ್ತಳೆ ಮತ್ತು ಹಳದಿಗಳಲ್ಲಿ ತೊಡಕು ಹೆಚ್ಚು. ಆ ಕಾಲದ ಇಂಥ ಬಣ್ಣಗಳಿಗೆ ಸೀಸದ ಕ್ರೋಮೇಟ್ ವರ್ಣಕಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಅವು ವಿಷ, ಈಗ ಯುರೋಪಿನಲ್ಲಿ ಬಿಗಿಯಾದ ನಿರ್ಬಂಧವಿದೆ. ಬದಲಿಗೆ ಬಂದ ಸಾವಯವ ವರ್ಣಕಗಳಿಗೆ ಮುಚ್ಚುವ ಶಕ್ತಿ ಕಡಿಮೆ, ಅಡಿಯ ಬಣ್ಣ ಇಣುಕುತ್ತದೆ. ಲಾವೆರ್ಡಾ 750 ಎಸ್‌ಎಫ್‌ಸಿಯಂಥ ಕಿತ್ತಳೆ ಗಾಡಿಗೆ ಕಪ್ಪು ಛಾಯೆಯ ಬೂದು ಪ್ರೈಮರ್ ಹಾಕಿದರೆ ಬಣ್ಣ ಕೊಳಕಾಗಿ ಕಾಣುತ್ತದೆ, ಬಿಳಿ ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ.

ಬಣ್ಣ ಅಳೆಯುವ ಯಂತ್ರ ಆರಂಭಕ್ಕೆ ಒಳ್ಳೆಯದು. ಅದು ಕೊಟ್ಟ ಸೂತ್ರದಿಂದ ಒಂದು ತಗಡಿನ ತುಂಡಿಗೆ, ಅದೇ ಪ್ರೈಮರಿನ ಮೇಲೆ, ಅದೇ ಗನ್ನಿನಿಂದ ಹೊಡೆದು, ಒಣಗಿಸಿ, ಮೂಲ ಜಾಗದ ಪಕ್ಕ ಹಿಡಿದು ನೋಡಿ. ಟ್ಯೂಬ್‌ಲೈಟಿನಲ್ಲಿ ತಾಳೆಯಾದದ್ದು ಬಿಸಿಲಿನಲ್ಲಿ ಬೇರೆಯೇ ಕಾಣಬಹುದು, ವರ್ಣಕ ಬೇರೆಯಾದಾಗ ಹೀಗಾಗುತ್ತದೆ. ನಾನು ತೀರ್ಮಾನಿಸುವುದು ಮೋಡ ಕವಿದ ಹಗಲಿನಲ್ಲಿ, ಹೊರಗೆ ನಿಂತು. 1971ರ ಮೋಟೊ ಗುಝಿ ವಿ7 ಸ್ಪೋರ್ಟ್‌ನ ಲೆನ್ಯಾನೊ ಹಸಿರಿಗಂತೂ ಫೋಟೋ ನೋಡಿ ಬೆರೆಸುವುದು ಹುಡುಗಾಟ. ಒಂದರಲ್ಲಿ ನಿಂಬೆ ಹಳದಿ, ಇನ್ನೊಂದರಲ್ಲಿ ಎಳೆ ಹುಲ್ಲು. ಅದರ ಮೊದಲ ಕಂತಿನ ಗಾಡಿಗಳಿಗೆ ಕೆಂಪು ಚೌಕಟ್ಟಿತ್ತು, ಅವಕ್ಕೇ ಬೆಲೆ ಹೆಚ್ಚು. ಹಾಗಾಗಿ ಕೆಂಪು ಕಂಡ ತಕ್ಷಣ ಹಿಗ್ಗದೆ ಚೌಕಟ್ಟಿನ ಸಂಖ್ಯೆ ನೋಡಿ. ಕೆಂಪನ್ನು ಯಾರು ಬೇಕಾದರೂ ಬಳಿಯಬಹುದು.

ಛಾಯೆ ಸರಿಬಂದರೂ ಹೊಳಪು ಕೆಡಿಸಬಹುದು. 1950ರ ಗಾಡಿಗೆ ಇಂದಿನ ಕಾರಿನಂತೆ ದಪ್ಪ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಹಾಕಿ ಕನ್ನಡಿ ಮಾಡಿದರೆ ನನಗೆ ಸಂಕಟವಾಗುತ್ತದೆ. ಒಂದೇ ಹಂತದ ಬಣ್ಣ ಹೊಡೆದು ಪಾಲಿಶ್ ಮಾಡಿದರೆ ಆ ಕಾಲದ ಮೆದು ಹೊಳಪಿಗೆ ಹತ್ತಿರ ಬರುತ್ತದೆ, ಪೆಟ್ರೋಲಿಗೂ ತಡೆಯುತ್ತದೆ. ಹಳೆಯ ನೈಟ್ರೊಸೆಲ್ಯುಲೋಸ್ ಬಣ್ಣವನ್ನೇ ಬಳಸುವ ಹಟವಿದ್ದವರು ಪೆಟ್ರೋಲ್ ತುಂಬುವಾಗ ಬಟ್ಟೆ ಹಿಡಿದಿರಬೇಕು.

ಫೈಬರ್ ಟ್ಯಾಂಕಿನದು ಬೇರೆಯೇ ಕಥೆ. 1972ರಲ್ಲಿ ರೇಸರ್ ಪಾಲ್ ಸ್ಮಾರ್ಟ್ ಇಮೋಲಾದಲ್ಲಿ ಗೆದ್ದ ನಂತರ ಬಂದ ಡುಕಾಟಿ 750 ಸೂಪರ್ ಸ್ಪೋರ್ಟ್‌ನ ಟ್ಯಾಂಕಿನ ಬದಿಯಲ್ಲಿ, ಪೆಟ್ರೋಲಿನ ಮಟ್ಟ ಕಾಣಲೆಂದು, ಬಣ್ಣವಿಲ್ಲದ ಪಟ್ಟಿಯೊಂದನ್ನು ಬಿಟ್ಟಿದ್ದರು. ಉತ್ಸಾಹಿ ಪೇಂಟರುಗಳು ಅದರ ಮೇಲೂ ಬಣ್ಣ ಹೊಡೆದುಬಿಡುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ ಎಥನಾಲ್ ಬೆರೆತ ಇಂದಿನ ಪೆಟ್ರೋಲ್. ಅದು ಫೈಬರನ್ನು ಹಿಡಿದಿಟ್ಟಿರುವ ಹಳೆಯ ರೆಸಿನನ್ನು ಮೆದುವಾಗಿಸುತ್ತದೆ. ಟ್ಯಾಂಕ್ ಉಬ್ಬಿ, ಹೊಸ ಬಣ್ಣದಡಿ ಗುಳ್ಳೆ ಏಳುತ್ತದೆ. ಒಳಗೆ ಎಥನಾಲ್ ತಡೆಯುವ ಲೇಪ ಹಾಕಿಸಿ, ಟ್ಯಾಂಕ್ ಪೂರ್ತಿ ಒಣಗಿದ ಮೇಲಷ್ಟೇ ಬಣ್ಣಕ್ಕೆ ಕೊಡಿ. ಓಡಿಸಲೇಬೇಕೆಂದಿದ್ದರೆ ಅದೇ ಆಕಾರದ ಅಲ್ಯೂಮಿನಿಯಂ ಟ್ಯಾಂಕ್ ಮಾಡಿಸಿ, ಅಸಲಿಯನ್ನು ಪೆಟ್ರೋಲ್ ತಾಗದ ಕಡೆ ಎತ್ತಿಡುವುದೇ ಮೇಲು.