ಚಿಕ್ಕಮಗಳೂರು ಯಾಕೆ ಮೈನಸ್? ಜನಗಣತಿ ಟೇಬಲ್ ಓದುವಾಗ ನಾನು ಎಡವಿದ ಜಾಗ

ಮೂರು ದಿನದಿಂದ ಇದೊಂದೇ ಚಾಪ್ಟರ್ ಹಿಡ್ಕೊಂಡು ಕೂತಿದ್ದೆ, ನಿನ್ನೆ ರಾತ್ರಿ ತಲೆಗೆ ಹೋಯ್ತು. ಮರೆತುಹೋಗೋಕೆ ಮುಂಚೆ ಬರೆದಿಡ್ತೀನಿ, ಕಾಂಪಿಟೇಟಿವ್ ಎಕ್ಸಾಮ್‌ಗೆ ಓದ್ತಿರೋ ಬೇರೆಯವರಿಗೂ ಆಗುತ್ತೆ. ಸಾಂದ್ರತೆ, ಸಾಕ್ಷರತೆ ಎಲ್ಲ ಬಿಟ್ಟಿದೀನಿ, ಅದರಲ್ಲಿ ತಲೆ ಕೆಡೋವಂಥದ್ದು ಏನೂ ಇಲ್ಲ.

ಶುರುವಾಗಿದ್ದು ನಮ್ಮ ಜಿಲ್ಲೆಯಿಂದ್ಲೇ. ಚಿಕ್ಕಮಗಳೂರಿನ ಜನಸಂಖ್ಯೆ 2001ರಲ್ಲಿ 11,40,905. 2011ರಲ್ಲಿ 11,37,961. ಹತ್ತು ವರ್ಷ ಆದ್ಮೇಲೆ 2,944 ಜನ ಕಮ್ಮಿ, ದಶಕದ ಬೆಳವಣಿಗೆ ದರ ಮೈನಸ್ 0.26. ಅದೇ ಹತ್ತು ವರ್ಷದಲ್ಲಿ ಇಡೀ ಕರ್ನಾಟಕ 15.6 ಪರ್ಸೆಂಟ್ ಬೆಳೆದಿದೆ. ರಾಜ್ಯದಲ್ಲಿ ಮೈನಸ್‌ಗೆ ಇಳಿದ ಜಿಲ್ಲೆ ಇದೊಂದೇ. ಕೊಡಗು 1.09, ಹಾಸನ 3.18, ಅಂದ್ರೆ ಕಾಫಿ ಬೆಳೆಯೋ ಮೂರೂ ಜಿಲ್ಲೆ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿವೆ.

ನಾನು ಎಡವಿದ್ದು ಇಲ್ಲಲ್ಲ. ಎಡವಿದ್ದು ಬೆಂಗಳೂರು ಗ್ರಾಮಾಂತರದಲ್ಲಿ.

ಹೋಲಿಕೆ ಮಾಡೋಣ ಅಂತ ಹಳೇ ಪುಸ್ತಕದಿಂದ 2001ರ ಅಂಕಿ, ಹೊಸ ಪುಸ್ತಕದಿಂದ 2011ರ ಅಂಕಿ ತಗೊಂಡು ನಾನೇ ಒಂದು ಟೇಬಲ್ ಹಾಕ್ಕೊಂಡೆ. ಬೆಂಗಳೂರು ಗ್ರಾಮಾಂತರ 2001ರಲ್ಲಿ 18,81,514, 2011ರಲ್ಲಿ 9,90,923. ಭಾಗಿಸಿದೆ, ಮೈನಸ್ 47 ಪರ್ಸೆಂಟ್! ಪಕ್ಕದ ಸಾಲಲ್ಲಿ ಬೆಂಗಳೂರು ನಗರ ಜಿಲ್ಲೆ, 65,37,124 ಇದ್ದಿದ್ದು 96,21,551, ಅಂದ್ರೆ ಪ್ಲಸ್ 47.18. ಅಲ್ಲಿ ಮೈನಸ್ 47, ಇಲ್ಲಿ ಪ್ಲಸ್ 47, ನಂಗೆ ಖುಷಿಯೋ ಖುಷಿ, ಹಳ್ಳಿ ಜನ ಅರ್ಧಕ್ಕರ್ಧ ಸಿಟಿ ಸೇರ್ಕೊಂಡ್ರು ಅಂತ ನೋಟ್ಸಲ್ಲಿ ದಪ್ಪಕ್ಷರದಲ್ಲಿ ಬರೆದು ಕೆಳಗೆ ಎರಡು ಗೀಟೂ ಎಳೆದೆ.

ಪೂರ್ತಿ ತಪ್ಪು. 2007ರಲ್ಲಿ ಬೆಂಗಳೂರು ಗ್ರಾಮಾಂತರವನ್ನ ಒಡೆದು ರಾಮನಗರ ಜಿಲ್ಲೆ ಮಾಡಿದ್ರು. ಜನ ಎಲ್ಲೂ ಹೋಗಿಲ್ಲ, ಗಡಿ ಹೋಗಿದೆ. ಕನಕಪುರದಲ್ಲಿ ಇದ್ದೋರು ಕನಕಪುರದಲ್ಲೇ ಇದ್ದಾರೆ, ಅವರ ಜಿಲ್ಲೆ ಹೆಸರು ಬದಲಾಗಿದೆ ಅಷ್ಟೇ.

ಈ ಒಂದು ಸ್ಟೆಪ್ ನಿಧಾನಕ್ಕೆ ನೋಡಿ, ನಂಗೆ ಇದಕ್ಕೇ ಒಂದು ದಿನ ಹೋಯ್ತು. 2011ರ ಸೆನ್ಸಸ್‌ನವರು ಬೆಳವಣಿಗೆ ದರ ಕೊಡುವಾಗ 2001ರ ಅಂಕಿಯನ್ನ ಹಾಗೇ ಎತ್ತಿ ಹಾಕಲ್ಲ. ಇವತ್ತಿನ ಗಡಿಯೊಳಗೆ ಬರೋ ಜಾಗದಲ್ಲಿ 2001ರಲ್ಲಿ ಎಷ್ಟು ಜನ ಇದ್ರು ಅಂತ ಮತ್ತೆ ಕೂಡಿಸ್ತಾರೆ. ಹಾಗೆ ಕೂಡಿಸಿದ್ರೆ 2001ರ ಗ್ರಾಮಾಂತರ 8,50,968, ರಾಮನಗರ 10,30,546. ಎರಡೂ ಸೇರಿಸಿ ನೋಡಿ, ಸರಿಯಾಗಿ 18,81,514 ಬರುತ್ತೆ, ಒಂದು ತಲೆ ಹೆಚ್ಚಿಲ್ಲ ಕಮ್ಮಿ ಇಲ್ಲ. ಈ ಕೂಡೋ ಲೆಕ್ಕ ಕೈಯಾರೆ ಮಾಡಿದ ಮೇಲೇ ನಂಗೆ ಸಮಾಧಾನ ಆಗಿದ್ದು. ಈಗ ದರ ತೆಗೀರಿ. 8,50,968ರಿಂದ 9,90,923ಕ್ಕೆ ಏರಿದೆ, ಅಂದ್ರೆ ಗ್ರಾಮಾಂತರ ಪ್ಲಸ್ 16.45, ರಾಜ್ಯದ ಸರಾಸರಿಗಿಂತ ಸ್ವಲ್ಪ ಜಾಸ್ತಿನೇ. ರಾಮನಗರ 10,82,636 ಆಗಿದೆ, ಪ್ಲಸ್ 5.05. ಅರ್ಧ ಖಾಲಿಯಾಯ್ತು ಅಂತ ನಾನು ಬರೆದಿದ್ದ ಜಿಲ್ಲೆ ನಿಜಕ್ಕೂ ಬೆಳೀತಾ ಇತ್ತು!

ಚಿಕ್ಕಬಳ್ಳಾಪುರ ಕೋಲಾರದಿಂದ ಹೊರಬಂದಿದ್ದೂ 2007ರಲ್ಲೇ, ಯಾದಗಿರಿ ಗುಲ್ಬರ್ಗದಿಂದ ಬೇರೆಯಾಗಿದ್ದು 2009ರ ಕೊನೆಗೆ. ಹಾಗಾಗಿ ಕೋಲಾರ, ಗುಲ್ಬರ್ಗದ ಹಳೇ ಅಂಕಿ ಮುಟ್ಟೋ ಮುಂಚೆನೂ ಗಡಿ ನೋಡ್ಕೊಳ್ಳಿ. ಇದರ ಮೇಲೆ ರಾಮನಗರ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯಿಸ್ಕೊಂಡಿದೆ, ಮುಂದಿನ ಬ್ಯಾಚ್‌ನೋರ ಗತಿ ದೇವರಿಗೇ ಪ್ರೀತಿ.

ಚಿಕ್ಕಮಗಳೂರಲ್ಲಿ ಆ ಅವಧಿಗೆ ಇಂಥ ಜಿಲ್ಲೆ ಒಡೆಯೋ ಕತೆ ಇಲ್ಲ. ಹಾಗಾದ್ರೆ ಮೈನಸ್ ನಿಜವಾದ ಮೈನಸ್ಸೇ.

ಜನಸಂಖ್ಯೆ ಬದಲಾಗೋದು ನಾಲ್ಕೇ ದಾರಿಲಿ: ಹುಟ್ಟಿದೋರು, ಸತ್ತೋರು, ಬಂದೋರು, ಹೋದೋರು. ನಮ್ಮ ಕಡೆ ಸತ್ತೋರಿಗಿಂತ ಹುಟ್ಟಿದೋರೇ ಜಾಸ್ತಿ, ಆದ್ರೂ ಒಟ್ಟು ಇಳಿದಿದೆ ಅಂದ್ರೆ ಆ ಹೆಚ್ಚಳವನ್ನೂ ನುಂಗಿಹಾಕೋವಷ್ಟು ಜನ ಬಸ್ ಹತ್ತಿದ್ದಾರೆ ಅಂತ ಅರ್ಥ. ಓದೋಕೆ ಅಂತ ಹೋದೋರು ಕೆಲಸ ಅಂತ ಅಲ್ಲೇ ಉಳಿದ್ರು. ಕುದುರೆಮುಖದ ಕಬ್ಬಿಣದ ಅದಿರು ಗಣಿ 2005ರ ಕೊನೆಗೆ ನಿಂತು ಟೌನ್‌ಶಿಪ್ ಖಾಲಿಯಾಗಿದ್ದೂ ಇದೇ ಹತ್ತು ವರ್ಷದೊಳಗೆ.

ಬೆಳವಣಿಗೆ ಜಾಸ್ತಿ ಇದ್ದ ಕಡೆನೂ ಇದೇ ಪ್ರಶ್ನೆ ಕೇಳಿ. ಯಾದಗಿರಿ 22.81, ಬೆಂಗಳೂರು 47.18, ಎರಡೂ ಸರಾಸರಿಗಿಂತ ಮೇಲೇ. ಬೆಂಗಳೂರು ಉಬ್ಬಿದ್ದು ಮುಖ್ಯವಾಗಿ ಬಂದೋರಿಂದ, ಯಾದಗಿರಿ ಬೆಳೆದಿದ್ದು ಹುಟ್ಟಿದೋರಿಂದ. ಯಾದಗಿರಿಯಿಂದ ಜನ ಗುಳೆ ಹೋಗ್ತಾರೆ, ಆದ್ರೂ ಅಂಕಿ ಏರಿದೆ. ಬೆಳವಣಿಗೆ ಅಂದ ತಕ್ಷಣ ಅಭಿವೃದ್ಧಿ ಅಂತ ಬರೀಬೇಡಿ, 2011ರಲ್ಲಿ ಅಲ್ಲಿನ ಸಾಕ್ಷರತೆ 51.83 ಅಷ್ಟೇ.

ಯಾರನ್ನ ಎಲ್ಲಿ ಲೆಕ್ಕ ಹಾಕ್ತಾರೆ ಅನ್ನೋದು ಇನ್ನೊಂದು ಗೊಂದಲ. ರೇಷನ್ ಕಾರ್ಡ್, ವೋಟರ್ ಲಿಸ್ಟ್ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. 2011ರ ಫೆಬ್ರವರಿ 9ರಿಂದ 28ರವರೆಗೆ ಎಣಿಸಿದ್ರು, ಆ ಅಷ್ಟೂ ದಿನ ಊರಲ್ಲಿ ಇಲ್ಲದವರನ್ನ ಮನೆ ಲೆಕ್ಕಕ್ಕೆ ತಗೊಳ್ಳಲ್ಲ, ಅವರು ಇದ್ದ ಜಾಗದಲ್ಲೇ ಎಣಿಸ್ತಾರೆ. ನಮ್ಮನೆ ಜಗಲಿ ಮೇಲೆ ಗಣತಿ ಮೇಷ್ಟ್ರು ಫಾರ್ಮ್ ತೊಡೆ ಮೇಲಿಟ್ಕೊಂಡು ಕೂತಿದ್ದು ನೆನಪಿದೆ. ಅಜ್ಜಿ "ಏಳು ಜನ ಬರ್ಕಳಿ" ಅಂದ್ರು. ಮೇಷ್ಟ್ರು "ಬೆಂಗ್ಳೂರಲ್ಲಿರೋ ಇಬ್ರು ಈ ತಿಂಗ್ಳು ಬರ್ತಾರಾ ಅಮ್ಮ?" ಅಂತ ಕೇಳಿ, ಇಲ್ಲ ಅಂದ ಮೇಲೆ ಐದು ಅಂತ ಬರ್ಕೊಂಡ್ರು. ಅಜ್ಜಿಗೆ ಸಂಜೆವರೆಗೂ ಸಿಟ್ಟು, "ಹೊಟ್ಟೇಲಿ ಹುಟ್ಟಿದ ಮಕ್ಳನ್ನ ಲೆಕ್ಕದಿಂದ ತೆಗೀತಾರಂತೆ" ಅಂತ. ಆ ಇಬ್ಬರು ಮೈನಸ್ ಆಗಿ ಕೂತಿರೋದು ಮೇಲಿನ 2,944ರ ಲೆಕ್ಕದೊಳಗೇ.

ಹೋದೋರು ಯಾರು ಅಂತ ಲಿಂಗಾನುಪಾತ ಸ್ವಲ್ಪ ಸುಳಿವು ಕೊಡುತ್ತೆ. ಚಿಕ್ಕಮಗಳೂರಲ್ಲಿ 1000 ಗಂಡಸರಿಗೆ 984 ಹೆಂಗಸರು ಇದ್ದಿದ್ದು 1008 ಆಗಿದೆ. ಬೆಂಗಳೂರು ನಗರ 916. ರಾಜ್ಯದಲ್ಲೇ ಜಾಸ್ತಿ ಉಡುಪಿ, 1094, ಅಲ್ಲಿನ ಗಂಡಸರು ಮುಂಬೈ, ಗಲ್ಫ್ ಅಂತ ಹೋಗೋದು ಹಳೇ ಕತೆ. ಹಾಗಾಗಿ ಒಟ್ಟು ಲಿಂಗಾನುಪಾತ 1000 ದಾಟಿದ ಕೂಡಲೇ ಹೆಣ್ಣುಮಕ್ಕಳ ಪರಿಸ್ಥಿತಿ ಚೆನ್ನಾಗಿದೆ ಅನ್ನೋಕಾಗಲ್ಲ. ಅದಕ್ಕೆ 0ಯಿಂದ 6 ವರ್ಷದ ಮಕ್ಕಳ ಲಿಂಗಾನುಪಾತ ನೋಡ್ಬೇಕು, ಆ ವಯಸ್ಸಿನವರು ಒಬ್ಬೊಬ್ಬರೇ ಕೆಲಸ ಹುಡುಕ್ಕೊಂಡು ಹೋಗಲ್ವಲ್ಲ. ರಾಜ್ಯದ ಒಟ್ಟು 973, ಮಕ್ಕಳದ್ದು 948.

ಕಸುಬಿನ ಟೇಬಲ್ ಬಗ್ಗೆ ಒಂದೇ ಮಾತು. ಕಾಫಿ, ಟೀ, ರಬ್ಬರ್, ತೆಂಗು, ಅಡಿಕೆ ಇವೆಲ್ಲ ಸೆನ್ಸಸ್ ಲೆಕ್ಕದಲ್ಲಿ ಪ್ಲಾಂಟೇಶನ್, ಸಾಗುವಳಿ ಅಲ್ಲ. ನಮ್ಮ ದೊಡ್ಡಪ್ಪ ಹುಟ್ಟಿದಾಗಿಂದ ತೋಟದಲ್ಲೇ ಇದ್ದಾರೆ, ಟೇಬಲ್ ಪ್ರಕಾರ ಅವರು ಕೃಷಿಕರಲ್ಲ, ಇತರೆ ಕೆಲಸಗಾರರು! ಅದಕ್ಕೇ ಮಲೆನಾಡಿನ ಕಡೆ ಇತರೆ ಅನ್ನೋ ಕಾಲಂ ದೊಡ್ಡದಾಗಿ ಕಂಡ್ರೆ ಫ್ಯಾಕ್ಟರಿ, ಆಫೀಸು ಬಂದಿದೆ ಅಂತ ಮೋಸ ಹೋಗ್ಬೇಡಿ.

2021ರ ಗಣತಿ ಕೋವಿಡ್‌ಗೆ ಸಿಕ್ಕಿ ಮುಂದೆ ಹೋಯ್ತು, ಈಗ ಎಣಿಕೆಗೆ ಇಟ್ಟಿರೋ ದಿನ 2027ರ ಮಾರ್ಚ್ 1. ಆ ಅಂಕಿ ಬಂದಾಗ ಮೂಡಿಗೆರೆ ತಾಲೂಕು ಒಮ್ಮೆಗೇ ಇಳಿದುಬಿಟ್ಟಿದೆ ಅಂತ ಯಾರಾದ್ರೂ ಹೇಳಿದ್ರೆ ನಂಬೋ ಮುಂಚೆ ಒಂದ್ ನಿಮಿಷ ತಡೀರಿ. 2011ರಲ್ಲಿ ಕಳಸ ಮೂಡಿಗೆರೆ ತಾಲೂಕಿನೊಳಗಿತ್ತು, ಆಮೇಲೆ ಬೇರೆ ತಾಲೂಕಾಯ್ತು. ಅಜ್ಜಂಪುರನೂ ಹಾಗೇ ತರೀಕೆರೆಯಿಂದ ಹೊರಗೆ ಬಂದಿದೆ. ಹಳ್ಳಿ ಪಟ್ಟಿ ಪಕ್ಕದಲ್ಲಿಟ್ಕೊಂಡು ಕಳಸದ ಹಳ್ಳಿಗಳನ್ನ ಮೂಡಿಗೆರೆಗೆ ವಾಪಸ್ ಸೇರಿಸಿ, ಆಮೇಲೆ ಭಾಗಿಸಿ.