ಸೂಜಿ ವಿನಿಮಯ ಬೇರೆ, ಸೂಜಿ ಹಂಚಿಕೊಳ್ಳುವುದು ಬೇರೆ

‘ಮಾದಕ ವ್ಯಸನಿಗಳಲ್ಲಿ ಸೂಜಿ ವಿನಿಮಯದಿಂದ ಎಚ್‌ಐವಿ ಹರಡುತ್ತದೆ’ ಅನ್ನುವ ಸಾಲು ಮತ್ತೆ ಕಣ್ಣಿಗೆ ಬಿತ್ತು. ಬರೆದವರು ಹೇಳಹೊರಟಿದ್ದು ಒಬ್ಬರು ಚುಚ್ಚಿಕೊಂಡ ಸೂಜಿಯನ್ನೇ ಇನ್ನೊಬ್ಬರು ಬಳಸುವ ಬಗ್ಗೆ. ಅದು ಹಂಚಿಕೊಳ್ಳುವುದು. ವಿನಿಮಯ ಅದಕ್ಕೆ ಪೂರ್ತಿ ಉಲ್ಟಾ: ಬಳಸಿದ ಸೂಜಿ, ಸಿರಿಂಜನ್ನು ಅದಕ್ಕೆಂದೇ ಇರುವ ಕೇಂದ್ರಕ್ಕೆ ಕೊಟ್ಟು ಹೊಸದನ್ನು ಪುಕ್ಕಟೆ ಒಯ್ಯುವುದು. ರೋಗ ತಡೆಯುವ ಕೆಲಸದ ಮೇಲೇ ರೋಗ ಹರಡುವ ಆರೋಪ!

ಹಂಚಿಕೊಳ್ಳುವುದು ಅಂದರೂ ಬರೀ ಸೂಜಿಯಲ್ಲ. ಪುಡಿ ಕರಗಿಸುವ ಚಮಚ, ಸೋಸುವ ಹತ್ತಿಯ ಚೂರು, ಸಿರಿಂಜ್ ತೊಳೆಯುವ ನೀರು, ಇವೂ ಕೈಯಿಂದ ಕೈಗೆ ಹೋಗುತ್ತವೆ. ಇಬ್ಬರು ದುಡ್ಡು ಸೇರಿಸಿ ಒಂದೇ ಪೊಟ್ಟಣ ತಂದಿದ್ದಾರೆ ಅನ್ನಿ. ಒಬ್ಬರ ಸಿರಿಂಜಿಗೆ ಪೂರ್ತಿ ಎಳೆದುಕೊಂಡು, ಗೆರೆ ನೋಡಿ, ಅರ್ಧವನ್ನು ಇನ್ನೊಬ್ಬರ ಸಿರಿಂಜಿಗೆ ಬಿಡುವುದುಂಟು. ಇಬ್ಬರ ಸೂಜಿಯೂ ಬೇರೆಯೇ. ಆದರೆ ಮೊದಲನೆಯದು ಬಳಸಿದ ಸಿರಿಂಜಾಗಿದ್ದರೆ ಅದರಲ್ಲಿ ಉಳಿದ ರಕ್ತವೂ ಮದ್ದಿನ ಜೊತೆ ದಾಟುತ್ತದೆ. ‘ನಾನು ಯಾರ ಸೂಜಿಯನ್ನೂ ಚುಚ್ಚಿಕೊಂಡಿಲ್ಲ’ ಅನ್ನುವವರಿಗೂ ಹೀಗೆ ಸೋಂಕು ತಗುಲಿರಬಹುದು, ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ.

ವಿನಿಮಯ 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾಯಿತು. ಅದಕ್ಕೆ ಕೈಹಾಕಿದ್ದು ಮಾದಕ ವಸ್ತು ಬಳಸುವವರದ್ದೇ ಸಂಘ. ಆಗಿನ ಭಯ ಎಚ್‌ಐವಿಯದ್ದಲ್ಲ, ರಕ್ತದ ಮೂಲಕ ಹರಡುವ ಯಕೃತ್ತಿನ ಸೋಂಕು ಹೆಪಟೈಟಿಸ್ ಬಿಯದ್ದು. ಅದೇ ಕಾಲಕ್ಕೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪೊಲೀಸರು ಸಿರಿಂಜ್ ಕಿತ್ತುಕೊಳ್ಳುತ್ತಿದ್ದರು, ಔಷಧಿ ಅಂಗಡಿಯಲ್ಲೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಚುಚ್ಚಿಕೊಳ್ಳುವುದೇನೂ ನಿಲ್ಲಲಿಲ್ಲ, ಇದ್ದ ಸಿರಿಂಜೇ ಹಲವರ ಕೈ ಸುತ್ತಿತು. ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಪರೀಕ್ಷೆಯಾದ ಹೆರಾಯಿನ್ ಬಳಕೆದಾರರಲ್ಲಿ ಸುಮಾರು ಅರ್ಧ ಜನಕ್ಕೆ ಎಚ್‌ಐವಿ ಸೋಂಕಿದೆ ಅಂತ 1986ರಲ್ಲಿ ವರದಿ ಬಂತು. ‘ಸೂಜಿ ಕೊಟ್ಟರೆ ಚಟ ಜಾಸ್ತಿಯಾಗುತ್ತೆ’ ಅನ್ನುವವರು ಈ ಊರಿನ ಕತೆಯನ್ನು ಯಾಕೋ ಓದುವುದೇ ಇಲ್ಲ.

ವಿನಿಮಯ ಅಂದ ಮಾತ್ರಕ್ಕೆ ‘ಒಂದು ಕೊಟ್ಟರೆ ಒಂದೇ’ ಅಂತ ಲೆಕ್ಕ ಹಿಡಿಯುವವರೂ ಇದ್ದಾರೆ. ಸುಮ್ನೆ ಕಿರಿಕಿರಿ. ಬಳಸಿದ ಸೂಜಿ ಜೇಬಿನಲ್ಲಿಟ್ಟುಕೊಂಡು ಪೊಲೀಸರೆದುರು ಹಾದು ಬರಲು ಯಾರಿಗೆ ಧೈರ್ಯವಿರುತ್ತದೆ? ಕೇಂದ್ರದ ಕಡೆ ತಲೆಹಾಕದ ಗೆಳೆಯರಿಗೂ ಸೇರಿಸಿ ಒಂದಷ್ಟು ಹೆಚ್ಚಿಗೆ ಒಯ್ಯುವವರಿರುತ್ತಾರೆ. ಸಮುದಾಯದ ಮೂಲಕ ಎಚ್‌ಐವಿ ತಡೆಯುವುದು ಅಂದರೆ ಬಹುಪಾಲು ಇದೇ ಅಲ್ವಾ? ಅವರನ್ನು ಬರಿಗೈಲಿ ಕಳಿಸಿದರೆ ಆ ಗೆಳೆಯರಿಗೂ ಸೂಜಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟುಕೊಂಡ ಗುರಿ, ಚುಚ್ಚಿಕೊಳ್ಳುವ ಒಬ್ಬೊಬ್ಬರಿಗೆ ವರ್ಷಕ್ಕೆ 300 ಸೂಜಿ-ಸಿರಿಂಜ್. ಬದಲಿಗೆ ಬದಲಿ ಎಣಿಸುತ್ತಾ ಕೂತರೆ ಅಷ್ಟು ತಲುಪುವುದು ಕಷ್ಟ. ಅದಕ್ಕೇ ಈಗ ‘ವಿನಿಮಯ’ ಅನ್ನುವ ಪದ ಬಿಟ್ಟು, ‘ಸೂಜಿ-ಸಿರಿಂಜ್ ಕಾರ್ಯಕ್ರಮ’ ಅಂತಷ್ಟೇ ಹೇಳುವವರು ಹೆಚ್ಚು.